ಹಳೆಯ ಸ್ಲೈಡ್‌ಗಳಿಗೆ ನೀರು ತಾಗಿಸಬೇಡಿ: ಮನೆಯಲ್ಲಿಯೇ ಶುಚಿಗೊಳಿಸುವ ಕ್ರಮ

ಸ್ಲೈಡ್ ಎಂದರೆ ಎರಡು ಅಂಗುಲ ಚೌಕದ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಚೌಕಟ್ಟಿನೊಳಗೆ ಕೂಡಿಸಿದ, 24 ಮಿ.ಮೀ. ಅಗಲ ಮತ್ತು 36 ಮಿ.ಮೀ. ಉದ್ದದ ಒಂದು ಫಿಲ್ಮ್ ತುಣುಕು. ನೆಗೆಟಿವ್‌ನಿಂದ ಬೇಕೆಂದಾಗ ಮತ್ತೊಂದು ಪ್ರತಿ ತೆಗೆಸಬಹುದು, ಸ್ಲೈಡಿನಲ್ಲಿ ಹಾಗಿಲ್ಲ. ಕ್ಯಾಮೆರಾದೊಳಗೆ ಬೆಳಕಿಗೆ ಒಡ್ಡಿಕೊಂಡ ಫಿಲ್ಮೇ ಸಂಸ್ಕರಣೆಯಾಗಿ ಬಂದ ಮೇಲೆ ಚಿತ್ರವಾಗಿ ನಮ್ಮ ಕೈಯಲ್ಲಿರುತ್ತದೆ, ಮತ್ತು ಅದು ಕೆಟ್ಟರೆ ಮೂಲವೇ ಹೋದಂತೆ. ಈ ಲೇಖನದಲ್ಲಿ ನಾನು ಹೇಳುವ ಪ್ರತಿಯೊಂದು ಎಚ್ಚರಿಕೆಯ ಹಿಂದೆ ಇರುವುದು ಇದೊಂದೇ ಕಾರಣ.

ನನ್ನ ತಂದೆಯವರು ಕಲಬುರಗಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದರು. ತರಗತಿಯಲ್ಲಿ ತೋರಿಸಲೆಂದು ಅವರು ಬೀದರ ಕೋಟೆ, 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದ್ರಸಾ, ಅಷ್ಟೂರಿನ ಬಹಮನಿ ಗುಮ್ಮಟಗಳು, ಮಳಖೇಡದ ಕೋಟೆ, ಭೀಮಾ ದಂಡೆಯ ಸನ್ನತಿ ಮುಂತಾದ ಕಡೆಗಳಲ್ಲೆಲ್ಲ ಸ್ಲೈಡ್ ತೆಗೆದಿದ್ದರು. ನಡುನಡುವೆ ಮನೆಮಂದಿಯ ಚಿತ್ರಗಳೂ ಇದ್ದವು. ಇಂಥ ಸಂಗ್ರಹ ಈ ಭಾಗದ ಇನ್ನೂ ಅನೇಕ ಮನೆಗಳಲ್ಲಿದೆ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ ಅಶೋಕನ ಶಾಸನವಿದ್ದ ಕಲ್ಲು ಬೆಳಕಿಗೆ ಬಂತು. ಆ ಘಟನೆಗೂ ಮೊದಲಿನ ಗುಡಿಯ ಬಣ್ಣದ ಚಿತ್ರವೊಂದು ಯಾರದಾದರೂ ಟ್ರಂಕಿನಲ್ಲಿದ್ದರೆ ಅದು ಆ ಮನೆಗಷ್ಟೇ ಸೇರಿದ ನೆನಪಲ್ಲ.

ಫಿಲ್ಮಿನ ಎರಡು ಮೈಗಳು

ಶುಚಿಗೊಳಿಸಲು ಕೈಹಾಕುವ ಮೊದಲು ಫಿಲ್ಮಿನ ರಚನೆಯನ್ನು ತಿಳಿದುಕೊಳ್ಳುವುದು ಅಗತ್ಯ. ಒಂದು ಮೈ ಪ್ಲಾಸ್ಟಿಕ್ಕಿನಂಥ ತಳಪದರ; ಹಳೆಯ ಸ್ಲೈಡ್‌ಗಳಲ್ಲಿ ಇದು ಹೆಚ್ಚಾಗಿ ಸೆಲ್ಯುಲೋಸ್ ಟ್ರೈಅಸಿಟೇಟ್ ಆಗಿರುತ್ತದೆ. ಇನ್ನೊಂದು ಮೈ ಜೆಲಾಟಿನ್‌ನ ತೆಳುಪದರ, ಅಂದರೆ ಎಮಲ್ಷನ್. ಚಿತ್ರದ ಬಣ್ಣಗಳೆಲ್ಲ ಈ ಎಮಲ್ಷನ್‌ನಲ್ಲಿಯೇ ಇರುತ್ತವೆ. ಜೆಲಾಟಿನ್ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತೆಗೆದ ಪದಾರ್ಥ. ಅದು ನೀರನ್ನು ಹೀರಿ ಉಬ್ಬುತ್ತದೆ, ಉಬ್ಬಿದಾಗ ಉಗುರು ತಾಗಿದರೂ ಗೀರುತ್ತದೆ, ಮತ್ತು ಬೂಷ್ಟಿಗೆ ಅದು ಒಳ್ಳೆಯ ಆಹಾರ.

ಯಾವುದು ಯಾವ ಮೈ ಎಂದು ಗುರುತಿಸಲು ಸ್ಲೈಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಬೇಕು. ತಳಪದರದ ಕಡೆ ಗಾಜಿನಂತೆ ಏಕರೂಪವಾಗಿ ಹೊಳೆಯುತ್ತದೆ. ಎಮಲ್ಷನ್ ಕಡೆ ತುಸು ಮಂಕಾಗಿದ್ದು, ಕೆಲವು ಫಿಲ್ಮ್‌ಗಳಲ್ಲಿ, ಅದರಲ್ಲೂ ಕೊಡಾಕ್ ಕಂಪನಿಯ ಕೊಡಾಕ್ರೋಮ್ ಫಿಲ್ಮಿನಲ್ಲಿ, ಚಿತ್ರದ ಗೆರೆಗಳು ಬಹಳ ಸಣ್ಣ ಉಬ್ಬುತಗ್ಗುಗಳಾಗಿ ಕಾಣುತ್ತವೆ: ಕಮಾನಿನ ಅಂಚು, ಸೀರೆಯ ನೆರಿಗೆ, ಹೀಗೆ. ಇನ್ನೊಂದು ಗುರುತು, ಚಿತ್ರದಲ್ಲಿ ಬರಹವೇನಾದರೂ ಇದ್ದರೆ ಅದು ನೇರವಾಗಿ ಓದಿಸುವಂತೆ ಹಿಡಿದಾಗ ನಮ್ಮ ಕಡೆಗಿರುವುದು ತಳಪದರ. ಈ ಗುರುತಿನ ಮೇಲೆ ಮುಂದಿನ ಕೆಲಸವೆಲ್ಲ ನಿಂತಿದೆಯಾದ್ದರಿಂದ, ಹತ್ತು ಹದಿನೈದು ಸ್ಲೈಡ್‌ಗಳನ್ನು ತಿರುಗಿಸಿ ನೋಡಿ ಕಣ್ಣಿಗೆ ರೂಢಿಯಾಗುವವರೆಗೆ ದ್ರಾವಣದ ಬಾಟಲಿಯ ಮುಚ್ಚಳವನ್ನೂ ತೆರೆಯದಿರುವುದು ಒಳ್ಳೆಯದು.

ಕಾಲ, ಜಾಗ, ಸಾಮಾನು

ನಮ್ಮ ಭಾಗದಲ್ಲಿ ಈ ಕೆಲಸಕ್ಕೆ ತಕ್ಕ ಕಾಲ ದೀಪಾವಳಿಯ ನಂತರದಿಂದ ಶಿವರಾತ್ರಿಯವರೆಗೆ. ಮಳೆಗಾಲದಲ್ಲಿ ಗಾಳಿಯ ತೇವದಿಂದ ಎಮಲ್ಷನ್ ಮೆತ್ತಗಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಬೆರಳು ಬೆವರುತ್ತದೆ, ಒಣಗಾಳಿಯಲ್ಲಿ ಫಿಲ್ಮಿನ ಮೇಲೆ ಸ್ಥಿರವಿದ್ಯುತ್ತು ಹುಟ್ಟಿ, ಊದಿ ತೆಗೆದ ಧೂಳು ಮರುಕ್ಷಣವೇ ಬಂದು ಅಂಟುತ್ತದೆ. ಬೇಸಿಗೆಯಲ್ಲಿ ಇನ್ನೊಂದು ತೊಂದರೆಯೂ ಉಂಟು. ಕಲಬುರಗಿಯ ಮನೆಗಳಲ್ಲಿ ಹಗಲೂ ರಾತ್ರಿಯೂ ಓಡುವ ನೀರಿನ ಕೂಲರ್ ಕೋಣೆಯ ತೇವಾಂಶವನ್ನು ಏರಿಸುತ್ತದೆ. ಊರೆಲ್ಲ ಒಣಗಿ ಬಿರುಕು ಬಿಟ್ಟಿರುವಾಗ ಕೂಲರ್ ಇರುವ ಕೋಣೆಯ ಅಲಮಾರಿಯಲ್ಲಿ ಮಾತ್ರ ಮಳೆಗಾಲವಿರುತ್ತದೆ ಎಂಬುದನ್ನು ನಾನು ತಡವಾಗಿ ತಿಳಿದುಕೊಂಡೆ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಬೂಷ್ಟು ಹಿಡಿದದ್ದು ಕೂಲರ್‌ನ ಎದುರಿಗೆ ಇದ್ದ ಅಲಮಾರಿಯ ಡಬ್ಬಿಗಳಿಗೆ.

ಕೆಲಸದ ಕೋಣೆಯಲ್ಲಿ ಫ್ಯಾನೂ ಬೇಡ, ಕೂಲರೂ ಬೇಡ. ಪರಸಿ ಹಾಸಿದ ನೆಲವಾದರೆ ಕಲ್ಲಿನ ಸಂದುಗಳಲ್ಲಿ ಧೂಳು ಕುಳಿತಿರುತ್ತದೆ. ಹಿಂದಿನ ಸಂಜೆಯೇ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲು ಮುಚ್ಚಿ ಬಿಟ್ಟರೆ ಬೆಳಿಗ್ಗೆಯ ಹೊತ್ತಿಗೆ ಗಾಳಿಯಲ್ಲಿನ ಧೂಳು ಇಳಿದಿರುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆಯವರು ಇದಕ್ಕೆ ಇನ್ನಷ್ಟು ಗಮನ ಕೊಡಬೇಕು. ಕಲ್ಲಿನ ಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳ ಸುತ್ತಲಿನ ಧೂಳಿನಲ್ಲಿ ಗಟ್ಟಿ ಕಣಗಳಿರುತ್ತವೆ, ಮತ್ತು ಅಂಥ ಕಣದ ಮೇಲೆ ಬಟ್ಟೆ ಎಳೆದರೆ ಫಿಲ್ಮಿನ ಮೇಲೆ ಗೀರು ಖಚಿತ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರಿನ ಗಾಳಿ ಬ್ಲೋವರ್, ಎಂದೂ ಬಣ್ಣ ಕಾಣದ ಮೆತ್ತನೆಯ ಕೂದಲಿನ ಹೊಸ ಬ್ರಷ್, ಪುಡಿ ಹಚ್ಚಿರದ ನೈಟ್ರೈಲ್ ಕೈಗವಸು, ಭೂತಗನ್ನಡಿ, ಹತ್ತಿ ಸುತ್ತಿದ ಕಡ್ಡಿಗಳು, ಮತ್ತು ಕೆಳಗಿನಿಂದ ಬಿಳಿ ಬೆಳಕು ಬರುವ ಒಂದು ಎಲ್‌ಇಡಿ ಹಲಗೆ. ಹಲಗೆ ಇಲ್ಲದಿದ್ದರೆ ಮೊಬೈಲ್ ಅಥವಾ ಟ್ಯಾಬ್ಲೆಟ್ ಪರದೆಯಲ್ಲಿ ಬರಿಯ ಬಿಳಿ ಪುಟ ತೆರೆದು, ಪರದೆಗೆ ತಾಗಿಸದೆ ಒಂದು ಅಂಗುಲ ಮೇಲೆ ಸ್ಲೈಡ್ ಹಿಡಿದು ನೋಡಬಹುದು. ಬಾಯಿಂದ ಊದುವ ರೂಢಿಯನ್ನು ಪೂರ್ಣವಾಗಿ ಬಿಡಬೇಕು. ಉಸಿರಿನೊಂದಿಗೆ ಬರುವ ಉಗುಳಿನ ಸಣ್ಣ ಹನಿಗಳು ಎಮಲ್ಷನ್ ಮೇಲೆ ಬಿದ್ದರೆ ಕಲೆ ಉಳಿಯುತ್ತದೆ. ಕಂಪ್ಯೂಟರ್ ಶುಚಿಗೆ ಬಳಸುವ ಒತ್ತಡದ ಗಾಳಿಯ ಡಬ್ಬಿಯೂ ಬೇಡ, ಅದನ್ನು ತುಸು ಓರೆ ಮಾಡಿದರೂ ಒಳಗಿನ ದ್ರವ ಹಿಮದಂತೆ ಫಿಲ್ಮಿನ ಮೇಲೆ ಸಿಡಿಯುತ್ತದೆ.

ದ್ರಾವಣದ ವಿಷಯದಲ್ಲಿ ಸ್ಪಷ್ಟವಾಗಿ ಹೇಳಬೇಕಾದ ಮಾತಿದೆ. ಬೇಕಾಗಿರುವುದು 99 ಪ್ರತಿಶತ ಶುದ್ಧವಾದ ಐಸೊಪ್ರೊಪೈಲ್ ಆಲ್ಕೋಹಾಲ್. ಸರ್ಕ್ಯೂಟ್ ಬೋರ್ಡ್ ಒರೆಸಲು ಇದನ್ನು ಬಳಸುವುದರಿಂದ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಲ್ಲಿ, ಮೊಬೈಲ್ ರಿಪೇರಿಯ ಸಾಮಾನು ಮಾರುವವರಲ್ಲಿ ಕೇಳಬಹುದು. ಔಷಧ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಕೊಡುವುದು 70 ಪ್ರತಿಶತದ್ದು. ಅದರಲ್ಲಿ ಉಳಿದ 30 ಭಾಗ ನೀರು, ಅದೇ ನಮಗೆ ಬೇಡವಾದದ್ದು. ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಬೇರೆ ಪದಾರ್ಥಗಳೂ ಬೆರೆತಿರುವುದರಿಂದ ಒಣಗಿದ ಮೇಲೆ ಪೊರೆ ಉಳಿಯಬಹುದು. ಉಗುರುಬಣ್ಣ ತೆಗೆಯುವ ಅಸಿಟೋನ್ ಫಿಲ್ಮಿನ ತಳಪದರವನ್ನೇ ಹಾಳುಮಾಡುತ್ತದೆ. ಕನ್ನಡಕ ಒರೆಸುವ ದ್ರವ, ಗಾಜು ಒರೆಸುವ ದ್ರವ, ಸಾಬೂನು ನೀರು, ಇವು ಯಾವುವೂ ಸ್ಲೈಡಿನ ಹತ್ತಿರ ಬರಬಾರದು. ಐಸೊಪ್ರೊಪೈಲ್ ಬಹಳ ಬೇಗ ಬೆಂಕಿ ಹಿಡಿಯುವ ದ್ರವವಾದ್ದರಿಂದ ದೇವರ ಕೋಣೆಯ ದೀಪ, ಊದಿನಕಡ್ಡಿ, ಅಡುಗೆಮನೆಯ ಒಲೆ ಎಲ್ಲದರಿಂದ ದೂರವಿದ್ದು, ಒಂದು ಕಿಟಕಿಯನ್ನು ಸ್ವಲ್ಪ ತೆರೆದಿಟ್ಟುಕೊಂಡು ಕೆಲಸ ಮಾಡಬೇಕು.

ಮೊದಲು ಮೂಸಿ, ನೋಡಿ, ವಿಂಗಡಿಸಿ

ಡಬ್ಬಿ ತೆರೆದ ತಕ್ಷಣ ಮೂಸಿ ನೋಡಿ. ವಿನೆಗರ್‌ನಂಥ ಹುಳಿವಾಸನೆ ಬಂದರೆ ಫಿಲ್ಮಿನ ತಳಪದರವೇ ಒಡೆಯುತ್ತಿದೆ, ಅಸಿಟಿಕ್ ಆಮ್ಲ ಹೊರಬರುತ್ತಿದೆ ಎಂದು ಅರ್ಥ. ಇದಕ್ಕೆ ಶುಚಿಗೊಳಿಸುವುದು ಪರಿಹಾರವಲ್ಲ. ಆ ಆವಿ ಪಕ್ಕದ ಒಳ್ಳೆಯ ಸ್ಲೈಡ್‌ಗಳ ಕೆಡುವಿಕೆಯನ್ನೂ ಚುರುಕುಗೊಳಿಸುವುದರಿಂದ, ಅಂಥವನ್ನು ಕೂಡಲೇ ಬೇರೆ ಡಬ್ಬಿಗೆ ತೆಗೆದಿಟ್ಟು, ಎಲ್ಲಕ್ಕಿಂತ ಮೊದಲು ಅವುಗಳನ್ನು ಸ್ಕ್ಯಾನ್ ಮಾಡಿಕೊಳ್ಳಬೇಕು.

ಉಳಿದವನ್ನು ಬೆಳಕಿನ ಹಲಗೆಯ ಮೇಲೆ ಒಂದೊಂದಾಗಿ ನೋಡುತ್ತ ಗುಂಪು ಮಾಡಿ: ಬರೀ ಧೂಳು ಇರುವವು, ಬೆರಳಚ್ಚು ಅಥವಾ ಜಿಡ್ಡು ಇರುವವು, ಬೂಷ್ಟು ಹಿಡಿದವು, ಎಮಲ್ಷನ್ ಬಿರುಕು ಬಿಟ್ಟು ಏಳುತ್ತಿರುವವು. ಕೊನೆಯ ಗುಂಪನ್ನು ಮುಟ್ಟಬಾರದು, ಬ್ಲೋವರ್‌ನಿಂದ ಊದಲೂ ಬಾರದು. ಬೂಷ್ಟನ್ನು ಗುರುತಿಸುವುದು ಕಷ್ಟವಲ್ಲ. ಧೂಳು ಚುಕ್ಕೆಯಾಗಿಯೋ ನೂಲಾಗಿಯೋ ಕಾಣುತ್ತದೆ. ಬೂಷ್ಟು ಒಂದು ಕೇಂದ್ರದಿಂದ ಕವಲೊಡೆದು, ಜಾಲಿಗಿಡದ ಒಣಕೊಂಬೆಯನ್ನು ದೂರದಿಂದ ಕಂಡಂತೆ ಹರಡಿರುತ್ತದೆ, ಮತ್ತು ಹೆಚ್ಚಾಗಿ ಆಕಾಶದಂಥ ತಿಳಿಬಣ್ಣದ ಜಾಗದಲ್ಲಿ ಎದ್ದು ಕಾಣುತ್ತದೆ. ಬೂಷ್ಟಿನ ಗುಂಪನ್ನು ನೋಡುವಾಗ ಮೂಗು ಬಾಯಿಗೆ ಎನ್-95 ಮಾಸ್ಕ್ ಇರಲಿ.

ಒರೆಸುವ ಮೊದಲು ಪ್ರತಿಯೊಂದು ಸ್ಲೈಡಿನ ಚಿತ್ರ ತೆಗೆದುಕೊಳ್ಳಿ, ಮೊಬೈಲ್‌ನದಾದರೂ ಸಾಕು. ಶುಚಿಗೊಳಿಸುವಾಗ ಏನಾದರೂ ಕೆಟ್ಟರೆ ಇದೊಂದೇ ಆಧಾರ. ಚೌಕಟ್ಟಿನ ಎರಡೂ ಬದಿಯ ಚಿತ್ರವನ್ನೂ ಮರೆಯದೆ ತೆಗೆಯಿರಿ, ಏಕೆಂದರೆ ಊರು, ತಾರೀಖು, ಹೆಸರು ಇರುವುದು ಅಲ್ಲಿಯೇ. ಬಾಲ್‌ಪೆನ್ನಿನ ಶಾಯಿ ಐಸೊಪ್ರೊಪೈಲ್ ತಾಗಿದರೆ ಕದಡಿ ಹರಡುತ್ತದೆ. ತಂದೆಯವರು ರಟ್ಟಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದ "ಅಷ್ಟೂರು, ಸಂಜೆ 5" ಎಂಬ ಟಿಪ್ಪಣಿ ನನ್ನ ಕಡ್ಡಿಯಿಂದ ತೊಟ್ಟಿಕ್ಕಿದ ಒಂದೇ ಹನಿಗೆ ನೀಲಿ ಮಸಿಯಾಗಿ ಹೋಯಿತು.

ಒಣ ಶುಚಿ

ಹೆಚ್ಚಿನ ಸ್ಲೈಡ್‌ಗಳಿಗೆ ಇಷ್ಟು ಸಾಕಾಗುತ್ತದೆ. ಚೌಕಟ್ಟಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು, ಸ್ಲೈಡನ್ನು ನೆಟ್ಟಗೆ ನಿಲ್ಲಿಸಿ, ಬ್ಲೋವರ್‌ನ ಮೂತಿಯನ್ನು ನಾಲ್ಕೈದು ಅಂಗುಲ ದೂರದಲ್ಲಿಟ್ಟು ಮೇಲಿನಿಂದ ಕೆಳಕ್ಕೆ ಗಾಳಿ ಬಿಡಬೇಕು. ಸ್ಲೈಡ್ ಮಲಗಿದ್ದರೆ ಎದ್ದ ಧೂಳು ಮತ್ತೆ ಅಲ್ಲಿಯೇ ಇಳಿಯುತ್ತದೆ. ಎರಡೂ ಮೈಗೆ ಹೀಗೆ ಮಾಡಿದ ಮೇಲೆ ಭೂತಗನ್ನಡಿಯಲ್ಲಿ ನೋಡಿ. ಇನ್ನೂ ಅಂಟಿಕೊಂಡಿರುವ ಕಣಗಳಿದ್ದರೆ ಬ್ರಷ್ಷನ್ನು ಒಂದೇ ದಿಕ್ಕಿನಲ್ಲಿ, ಕೂದಲಿನ ತುದಿಯಷ್ಟೇ ತಾಗುವಂತೆ, ಮಧ್ಯದಿಂದ ಅಂಚಿನ ಕಡೆಗೆ ಎಳೆಯಿರಿ. ಹಿಂದೆ ಮುಂದೆ ಉಜ್ಜಬಾರದು. ಚೌಕಟ್ಟಿನ ಒಳ ಅಂಚಿನಲ್ಲಿ, ಮುಖ್ಯವಾಗಿ ರಟ್ಟಿನ ಚೌಕಟ್ಟಿನಲ್ಲಿ, ನಾರು ಸಿಕ್ಕಿಕೊಂಡಿರುತ್ತದೆ. ಅದನ್ನು ಬ್ರಷ್ಷಿನ ತುದಿಯಿಂದ ಹೊರಗೆ ಸರಿಸಿ ಮತ್ತೊಮ್ಮೆ ಗಾಳಿ ಬಿಟ್ಟರೆ ಮುಗಿಯಿತು. ಬ್ರಷ್ಷಿನ ಕೂದಲನ್ನು ಬರಿಗೈಯಿಂದ ಮುಟ್ಟಿದರೆ ಚರ್ಮದ ಎಣ್ಣೆ ಅದಕ್ಕಂಟಿ, ಅಲ್ಲಿಂದ ಎಲ್ಲ ಸ್ಲೈಡ್‌ಗಳಿಗೂ ಹೋಗುತ್ತದೆ.

ಒಂದೆರಡು ಚುಕ್ಕೆ ಉಳಿದರೆ ಬಿಟ್ಟುಬಿಡಿ. ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ಒಂದು ಚುಕ್ಕೆ ಅಳಿಸುವುದು ಕ್ಷಣದ ಕೆಲಸ, ಅದೇ ಚುಕ್ಕೆಯನ್ನು ಕೈಯಿಂದ ತೆಗೆಯಲು ಹೋಗಿ ಆದ ಗೀರು ಶಾಶ್ವತ.

ದ್ರಾವಣದ ಬಳಕೆ

ಬೆರಳಚ್ಚು, ಅಡುಗೆಯ ಹೊಗೆಯ ಜಿಡ್ಡು, ಹಳೆಯ ಅಂಟುಪಟ್ಟಿಯ ಕುರುಹು, ಇವಿಷ್ಟಕ್ಕೆ ಮಾತ್ರ ಐಸೊಪ್ರೊಪೈಲ್ ಬಳಸಬೇಕು, ಅದೂ ಒಣ ಶುಚಿಯಾದ ಮೇಲೆಯೇ. ಮೊದಲು ಬೇಡವಾದ ಒಂದು ಸ್ಲೈಡನ್ನು ಆರಿಸಿಕೊಳ್ಳಿ. ಮಸುಕಾದದ್ದು, ಪೂರ್ತಿ ಕಪ್ಪಾದದ್ದು ಪ್ರತಿ ಡಬ್ಬಿಯಲ್ಲೂ ಒಂದಿರುತ್ತದೆ. ಅದರ ಮೂಲೆಯಲ್ಲಿ ಪ್ರಯೋಗ ಮಾಡಿ, ಐದು ನಿಮಿಷ ಬಿಟ್ಟು, ಹತ್ತಿಯ ಮೇಲೆ ಬಣ್ಣ ಬಂದಿದೆಯೇ ಎಂದು ಬಿಳಿ ಹಾಳೆಯ ಮೇಲಿಟ್ಟು ನೋಡಬೇಕು. ಒಂದೇ ಸಂಗ್ರಹದಲ್ಲಿ ಕೊಡಾಕ್, ಅಗ್ಫಾ, ಪೂರ್ವ ಜರ್ಮನಿಯ ಆರ್ವೋ, ಫ್ಯೂಜಿ ಹೀಗೆ ಬೇರೆ ಬೇರೆ ಫಿಲ್ಮ್ ಇದ್ದರೆ ಪ್ರತಿಯೊಂದಕ್ಕೂ ಬೇರೆ ಪ್ರಯೋಗ ಅಗತ್ಯ. 1970ಕ್ಕಿಂತ ಹಿಂದೆ ಕೊಡಾಕ್‌ನವರೇ ತೊಳೆದುಕೊಟ್ಟ ಸ್ಲೈಡ್‌ಗಳ ಮೇಲೆ ರಕ್ಷಣೆಗೆಂದು ಲ್ಯಾಕರ್ ಬಳಿದಿರುತ್ತಿದ್ದರು. ಇಂಥದ್ದನ್ನು ಮನೆಯಲ್ಲಿ ಒರೆಸಲು ಹೋದರೆ ಲ್ಯಾಕರ್ ಅರ್ಧಂಬರ್ಧ ಕರಗಿ ಅಂಟಂಟಾಗಬಹುದು, ಆದ್ದರಿಂದ ಅಷ್ಟು ಹಳೆಯವಕ್ಕೆ ಒಣ ಶುಚಿಯೊಂದೇ ಇರಲಿ.

ಕೆಲಸದ ಕ್ರಮ ಹೀಗೆ. ಚಿಕ್ಕ ಗಾಜಿನ ಬಟ್ಟಲಿಗೆ ಒಂದು ಚಮಚದಷ್ಟು ದ್ರಾವಣ ಸುರಿದುಕೊಂಡು ಬಾಟಲಿಯ ಮುಚ್ಚಳ ಹಾಕಿಬಿಡಿ, ತೆರೆದಿಟ್ಟರೆ ಅದು ಗಾಳಿಯ ತೇವವನ್ನು ಹೀರುತ್ತದೆ. ಕಡ್ಡಿಯ ಹತ್ತಿಯನ್ನು ಅದ್ದಿ, ಬಟ್ಟಲಿನ ಅಂಚಿಗೆ ಒತ್ತಿ ಹಿಂಡಿ. ಹತ್ತಿ ತೇವವಾಗಿರಬೇಕು, ತೊಟ್ಟಿಕ್ಕಬಾರದು. ತಳಪದರದ ಕಡೆಯಿಂದ ಆರಂಭಿಸಿ, ಕಡ್ಡಿಯನ್ನು ಉಜ್ಜದೆ ಉರುಳಿಸುತ್ತ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿ. ಉರುಳಿಸಿದರೆ ಕೊಳೆ ಹತ್ತಿಯೊಳಗೆ ಸೇರುತ್ತದೆ, ಎಳೆದರೆ ಫಿಲ್ಮಿನ ಮೇಲೆ ಮುಂದಕ್ಕೆ ಸಾಗುತ್ತದೆ. ಒಂದು ಸಲಕ್ಕೆ ಒಂದು ಕಡ್ಡಿ. ಅರೆನಿಮಿಷದಲ್ಲಿ ಮೈ ಆರುತ್ತದೆ. ಅಲ್ಲಿಯವರೆಗೆ ಚೌಕಟ್ಟನ್ನು ಹಿಡಿದುಕೊಂಡೇ ಇರಿ. ಎಮಲ್ಷನ್ ಕಡೆಗೆ ಇದನ್ನು ಮಾಡುವುದು ತೀರ ಅನಿವಾರ್ಯವಾದಾಗ ಮಾತ್ರ, ಒಂದೇ ಸಲ, ಇನ್ನೂ ಕಡಿಮೆ ತೇವದಲ್ಲಿ. ನನ್ನ ಅನುಭವದಲ್ಲಿ ಬೆರಳಚ್ಚುಗಳ ಪೈಕಿ ಹೆಚ್ಚಿನವು ತಳಪದರದ ಮೇಲೆಯೇ ಇರುತ್ತವೆ, ಹಾಗಾಗಿ ಎಮಲ್ಷನ್ ತಂಟೆಗೆ ಹೋಗುವ ಸಂದರ್ಭ ವಿರಳ.

ಒಮ್ಮೆ ಕುಳಿತರೆ ಐವತ್ತಕ್ಕಿಂತ ಹೆಚ್ಚು ಸ್ಲೈಡ್ ಕೈಗೆತ್ತಿಕೊಳ್ಳಬೇಡಿ. ಕಣ್ಣು ದಣಿದಾಗ ಯಾವ ಮೈ ಯಾವುದು ಎಂಬುದು ತಪ್ಪುತ್ತದೆ.

ಬೂಷ್ಟು ಹಿಡಿದ ಸ್ಲೈಡ್‌ಗಳು

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಸನ್ನತಿಯಲ್ಲಿ ಗುಡಿಯ ಮೆಟ್ಟಿಲ ಮೇಲೆ ನಮ್ಮ ಅವ್ವ ನಿಂತಿದ್ದ ಒಂದು ಸ್ಲೈಡಿನ ಮೇಲ್ಭಾಗಕ್ಕೆ ಬೂಷ್ಟು ಹರಡಿತ್ತು. ಮಲ್ಲು ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಎಮಲ್ಷನ್ ಮೇಲೆ ಒಂದೇ ಸಲ ಹಗುರವಾಗಿ ಎಳೆದೆ. ಬಟ್ಟೆ ಎತ್ತಿದಾಗ ಅದರ ಮೇಲೆ ತಿಳಿನೀಲಿಯ ಲೋಳೆ ಇತ್ತು. ಸ್ಲೈಡಿನಲ್ಲಿ ಆಕಾಶವಿದ್ದ ಜಾಗ ಬರಿಯ ಪಾರದರ್ಶಕ ಪಟ್ಟಿಯಾಗಿತ್ತು, ಅವ್ವನ ತಲೆಯ ಮೇಲಿನ ಸೆರಗಿನ ಅಂಚು ಅದರೊಂದಿಗೆ ಹೋಗಿತ್ತು. ನಾನು ಒತ್ತಿದ್ದು ಹೆಚ್ಚಾಯಿತೆಂದು ಬಹಳ ದಿನ ಅಂದುಕೊಂಡಿದ್ದೆ. ಕಾರಣ ಅದಲ್ಲ. ಬೂಷ್ಟು ಬೆಳೆಯುವಾಗ ಜೆಲಾಟಿನ್ನನ್ನು ತಿಂದು ಅದರ ಕಟ್ಟನ್ನು ಸಡಿಲಿಸುತ್ತದೆ. ಆರೋಗ್ಯವಾದ ಎಮಲ್ಷನ್ ನೀರಿನಲ್ಲಿ ಉಬ್ಬುತ್ತದೆಯಷ್ಟೇ, ಬೂಷ್ಟು ಹಿಡಿದದ್ದು ಕರಗಿಯೇ ಹೋಗುತ್ತದೆ. ಫಿಲ್ಮ್ ತೊಳೆಯುವಾಗ ಹೇಗೂ ನೀರಿನಲ್ಲಿ ಅದ್ದಿರುತ್ತಾರಲ್ಲವೇ, ಈಗ ನೀರು ತಾಗಿದರೇನು ಎಂಬ ವಾದ ಬೂಷ್ಟು ಹಿಡಿದ ಫಿಲ್ಮಿಗೆ ಸಲ್ಲದಿರುವುದು ಇದರಿಂದಲೇ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಬೂಷ್ಟಿನ ಬೆಳವಣಿಗೆಯನ್ನು ನಿಲ್ಲಿಸಬೇಕು. ಬೂಷ್ಟು ಹಿಡಿದ ಸ್ಲೈಡ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆಗಳೊಂದಿಗೆ, ಹರಳು ಫಿಲ್ಮಿಗೆ ತಾಗದಂತೆ, ಎರಡು ಮೂರು ವಾರ ಇಡಿ. ಒಣಗಿದ ಬೂಷ್ಟು ಪುಡಿಯಾಗುತ್ತದೆ. ಅನಂತರ ಮನೆಯ ಹೊರಗೆ ಅಥವಾ ಅಂಗಳದಲ್ಲಿ, ಇತರ ಸ್ಲೈಡ್‌ಗಳಿಂದ ದೂರವಿದ್ದು, ಬೇರೆಯೇ ಬ್ರಷ್ಷಿನಿಂದ ಮೇಲಿನ ಪುಡಿಯನ್ನು ಅತಿ ಹಗುರವಾಗಿ ಸರಿಸಿ; ಆ ಬ್ರಷ್ಷನ್ನು ಒಳ್ಳೆಯ ಸ್ಲೈಡ್‌ಗಳಿಗೆ ಎಂದೂ ಬಳಸಬಾರದು. ತಳಪದರದ ಮೇಲಿನ ಬೂಷ್ಟನ್ನು ಮೇಲೆ ಹೇಳಿದಂತೆ ಐಸೊಪ್ರೊಪೈಲ್‌ನಿಂದ ತೆಗೆಯಬಹುದು. ಎಮಲ್ಷನ್ ಮೇಲಿನದು ಆಳಕ್ಕೆ ಇಳಿಯದಿದ್ದರೆ ಐಸೊಪ್ರೊಪೈಲ್ ತೇವದ ಕಡ್ಡಿಯನ್ನು ಒಂದು ಮೂಲೆಯಲ್ಲಿ ಒಮ್ಮೆ ಉರುಳಿಸಿ ನೋಡಬಹುದು. ಹತ್ತಿಗೆ ಬಣ್ಣದ ಛಾಯೆ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಜೆಲಾಟಿನ್ನನ್ನು ಕೊರೆದು ಹೋಗಿರುವ ಗೆರೆಗಳನ್ನು ಯಾವ ದ್ರಾವಣವೂ ಅಳಿಸುವುದಿಲ್ಲ. ಬಿಸಿಲಿಗಿಟ್ಟರೆ ಬೂಷ್ಟು ಸಾಯುತ್ತದೆಂದು ಹಪ್ಪಳ ಸಂಡಿಗೆಯಂತೆ ಮಾಳಿಗೆಯ ಮೇಲೆ ಹರವಬೇಡಿ, ಬೂಷ್ಟಿಗಿಂತ ಮೊದಲು ಬಣ್ಣ ಹೋಗುತ್ತದೆ, ಫಿಲ್ಮ್ ಬಾಗುತ್ತದೆ.

ಗಾಜಿನ ಚೌಕಟ್ಟು

ಕೆಲವು ಸ್ಲೈಡ್‌ಗಳು ಎರಡು ತೆಳುಗಾಜುಗಳ ನಡುವೆ ಇರುತ್ತವೆ. ಒಳಗೆ ಸಿಕ್ಕಿದ ತೇವ ಹೊರಹೋಗದೆ ಬೂಷ್ಟು ಬೇಗ ಬೆಳೆಯುತ್ತದೆ, ಮತ್ತು ಫಿಲ್ಮ್ ಗಾಜಿಗೆ ಅಂಟಿದಲ್ಲಿ ಕಾಮನಬಿಲ್ಲಿನ ಉಂಗುರಗಳು ಕಾಣುತ್ತವೆ. ಚೌಕಟ್ಟು ಬಿಚ್ಚಿ, ಫಿಲ್ಮನ್ನು ಅಂಚಿನಲ್ಲಿ ಹಿಡಿದು ಹೊರತೆಗೆದು, ಗಾಜಿಲ್ಲದ ಹೊಸ ಪ್ಲಾಸ್ಟಿಕ್ ಚೌಕಟ್ಟಿಗೆ ಸೇರಿಸುವುದು ಉತ್ತಮ. ಎಮಲ್ಷನ್ ಗಾಜಿಗೆ ಅಂಟಿದ್ದರೆ ಎಳೆಯಬೇಡಿ. ಹಾಗೆಯೇ ಗಾಜಿನ ಹೊರಮೈ ಒರೆಸಿ ಸ್ಕ್ಯಾನ್ ಮಾಡಿ.

ಶುಚಿಯಿಂದ ಬಾರದ ಬಣ್ಣ

ಮದ್ರಸಾದ ಮಿನಾರಿನ ನೀಲಿ ಹೆಂಚುಗಳು ತಂದೆಯವರ ಕೆಲವು ಸ್ಲೈಡ್‌ಗಳಲ್ಲಿ ಬೂದಿಬಣ್ಣಕ್ಕೆ, ಇಡೀ ಚಿತ್ರ ಕೆಂಪುಛಾಯೆಗೆ ತಿರುಗಿದೆ. ಇದು ಕೊಳೆಯಲ್ಲ. ಫಿಲ್ಮಿನ ಮೂರು ವರ್ಣಗಳಲ್ಲಿ ಹಸಿರು ಬೆರೆತ ನೀಲಿಯಾದ ಸಯಾನ್ ಮೊದಲು ಕುಂದಿದರೆ ಉಳಿಯುವುದು ಕೆಂಪು. ಹಳೆಯ ಎಕ್ಟಾಕ್ರೋಮ್ ಮತ್ತು ಅದರ ಸಮಕಾಲೀನ ಫಿಲ್ಮ್‌ಗಳಲ್ಲಿ ಇದು ಕತ್ತಲಲ್ಲಿಟ್ಟರೂ ಆಗುತ್ತದೆ. ಅದೇ ವರ್ಷದ ಕೊಡಾಕ್ರೋಮ್ ಕತ್ತಲಲ್ಲಿ ಚೆನ್ನಾಗಿ ಉಳಿದಿರುತ್ತದೆ, ಆದರೆ ಪ್ರೊಜೆಕ್ಟರ್ ದೀಪಕ್ಕೆ ಬೇಗ ಮಾಸುತ್ತದೆ. ಕುಂದಿದ ಬಣ್ಣವನ್ನು ಸ್ಕ್ಯಾನ್ ಪ್ರತಿಯಲ್ಲಿ ಸ್ವಲ್ಪಮಟ್ಟಿಗೆ ಸರಿಪಡಿಸಬಹುದೇ ಹೊರತು ಫಿಲ್ಮಿನಲ್ಲಿ ಅಲ್ಲ. ಸ್ಕ್ಯಾನ್ ಮಾಡಿಸುವವರಿಗೆ ಇನ್ನೊಂದು ಸೂಚನೆ: ಧೂಳನ್ನು ತಾನೇ ಅಳಿಸುವ ಅವಕೆಂಪು ಕಿರಣದ ಸೌಲಭ್ಯ ಕೊಡಾಕ್ರೋಮ್ ಮೇಲೆ ಸರಿಯಾಗಿ ನಡೆಯುವುದಿಲ್ಲ, ಚಿತ್ರದ ವಿವರಗಳನ್ನೇ ಧೂಳೆಂದು ತಿಳಿದು ಅಳಿಸುತ್ತದೆ. ಹಾಗಾಗಿ ಕೊಡಾಕ್ರೋಮ್‌ಗಳನ್ನು ಬೇರೆ ಕಟ್ಟಾಗಿ ಕೊಡಿ.

ಮತ್ತೆ ಒಳಗಿಡುವಾಗ

ಶುಚಿಯಾದ ಸ್ಲೈಡನ್ನು ಹಳೆಯ ಡಬ್ಬಿಗೆ ಹಾಕಿದರೆ ಹಳೆಯ ಬೂಷ್ಟಿನ ಬೀಜ ಅಲ್ಲಿಯೇ ಕಾದಿರುತ್ತದೆ. ಪಾಲಿಪ್ರೊಪಿಲೀನ್ ಹಾಳೆಗಳಲ್ಲಿ ಅಥವಾ ಡಬ್ಬಿಗಳಲ್ಲಿ ಇಡಿ. ಹೊಸ ರೇನ್‌ಕೋಟಿನಂಥ ವಾಸನೆ ಬರುವ ಪಿವಿಸಿ ಹಾಳೆ ಬೇಡ. ಬಟ್ಟೆಗಳ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಇಡುವ ರೂಢಿಯನ್ನೂ ಬಿಡಬೇಕು. ತೇವಾಂಶ 30ರಿಂದ 50 ಪ್ರತಿಶತದ ನಡುವೆ ಇರಲಿ, 60 ದಾಟಿದರೆ ಬೂಷ್ಟು ಚಿಗುರುತ್ತದೆ. ತೇವಾಂಶ ತೋರಿಸುವ ಚಿಕ್ಕ ಮಾಪಕವೊಂದನ್ನು ಡಬ್ಬಿಯೊಳಗಿಟ್ಟರೆ ಊಹೆಯ ಅಗತ್ಯವಿಲ್ಲ. ಮಾಳಿಗೆಯ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಕೂಲರ್ ಕೋಣೆ ತೇವವಾಗುತ್ತದೆ, ಹೊರಗೋಡೆಗೆ ಒರಗಿದ ಅಲಮಾರಿ ಮಳೆಗಾಲದಲ್ಲಿ ನೀರುಣ್ಣುತ್ತದೆ. ಮನೆಯ ನಡುವಿನ ಕೋಣೆಯಲ್ಲಿ, ಒಳಗೋಡೆಗೆ ತಾಗಿದ ಅಲಮಾರಿಯ ಮಧ್ಯದ ಹಲಗೆ ನಮ್ಮ ಊರುಗಳಿಗೆ ಸೂಕ್ತವಾದ ಸ್ಥಳ.

ನೀಲಿ ಸಿಲಿಕಾ ಹರಳು ಗುಲಾಬಿಗೆ ತಿರುಗಿದರೆ ಅದರಲ್ಲಿ ತೇವ ತುಂಬಿದೆ ಎಂದರ್ಥ, ಆಗ ಬದಲಿಸಬೇಕು. ಮೃಗಶಿರಾ ಮಳೆಗೆ ಮುಂಚೆ ಒಮ್ಮೆ, ದಸರೆಯ ಹೊತ್ತಿಗೆ ಇನ್ನೊಮ್ಮೆ ಡಬ್ಬಿ ತೆರೆದು, ಮೂಸಿ, ಹರಳಿನ ಬಣ್ಣ ನೋಡಿ, ಬೂಷ್ಟು ಹಿಡಿದಿದ್ದ ಗುಂಪಿನಿಂದ ನಾಲ್ಕೈದು ಸ್ಲೈಡ್‌ಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ನೋಡಿದ ತಾರೀಖನ್ನು ಡಬ್ಬಿಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದಿಡಿ.